ಸಾಲು ಏಳು, ಕಾಲಂ ಹತ್ತೊಂಬತ್ತು

ಮಂಡ್ಯದ ಪಾಲಿಟೆಕ್ನಿಕ್ಕು, ಸಂಜೆ ಬ್ಯಾಚಿನ ಲ್ಯಾಬು.
ಎಲ್ಲೋ ಆಲೆಮನೆ ಹೊತ್ತಿಸಿದ್ದಾರೆ,
ಪಾಕದ ವಾಸನೆ ಕೀಬೋರ್ಡಿನ ಸಂದಿಗೂ ಇಳಿದಿದೆ.
ಹಾಜರಿಯಲ್ಲಿ ಸಿಂಚನಾ ಎಂ. ಇಬ್ಬರು.
ಒಬ್ಬಳ ಎಂ ಮರಿಗೌಡ, ಇನ್ನೊಬ್ಬಳದು ಮಾದೇವು.
ಒಂದು ಸಲ ಕೂಗಿದರೆ ಎರಡು ಬೆಂಚು ಏಳುತ್ತವೆ.

ಮರಿಗೌಡರ ಮಗಳು ಕರೆದಳು:
ಸಾರ್, ಇದು ಬೈತಾ ಕೂತದೆ.

ಪರದೆಯ ಮೇಲೆ ಕೆಂಪಗೆ
ಸಾಲು ಏಳು, ಕಾಲಂ ಹತ್ತೊಂಬತ್ತು,
ಗುರುತು ಸರಿಯಿಲ್ಲ.

ಬೈಯುವುದಿಲ್ಲ ಕಣವ್ವ, ಎಣಿಸುತ್ತದೆ.
ಮೊದಲ ಸುತ್ತಿನಲ್ಲಿ ಅದಕ್ಕೆ ಇದೊಂದು ಗಂಟು ಮಾತ್ರ:
ಚೌಕ ಕಂಸ ತೆರೆಯಿತು, ಒಂದು ಹೆಸರು ಬಂತು,
ಉದ್ಧರಣ ಚಿಹ್ನೆಗಳ ನಡುವೆ ಯಾರೋ ಕಟ್ಟಿಟ್ಟ ಬುತ್ತಿ.
ಬಿಚ್ಚದೆ ಮುಂದಕ್ಕೆ ದಾಟಿಸುತ್ತದೆ.
ಎರಡನೆಯ ಸುತ್ತಿಗೆ ಗಂಟು ಬಿಚ್ಚುವ ಕೆಲಸ.
ಮೂವತ್ತಾರು ಇರಬೇಕು, ಗೀಟೂ ಸೇರಿ.
ಎಂಟಾದ ಮೇಲೆ ಒಂದು ಅಡ್ಡಗೀಟು,
ಆಮೇಲೆ ನಾಲ್ಕು, ನಾಲ್ಕು, ನಾಲ್ಕು,
ಕೊನೆಗೆ ಉದ್ದಕ್ಕೆ ಹನ್ನೆರಡು.
ಕಬ್ಬಿನ ಗಿಣ್ಣಾದರೂ ಹೆಚ್ಚುಕಮ್ಮಿ ಬರುತ್ತದೆ,
ಇಲ್ಲಿ ಬರುವ ಹಾಗಿಲ್ಲ.
ಸೊನ್ನೆಯಿಂದ ಒಂಬತ್ತು, ಎ ಇಂದ ಎಫ್,
ದೊಡ್ಡಕ್ಷರ ಚಿಕ್ಕಕ್ಷರ ಎರಡಕ್ಕೂ ಒಂದೇ ಪಂಕ್ತಿ.
ಜಿ ಬಂದರೆ ಎಲೆ ಇಲ್ಲ.

ನೋಡು, ಸೊನ್ನೆಯ ಜಾಗದಲ್ಲಿ ಓ ಕೂತಿದೆ
ದುಂಡಗೆ, ಏನೂ ಅರಿಯದ ಹಾಗೆ.
ನಿನ್ನ ತಪ್ಪೂ ಅಲ್ಲ.
ನಮ್ಮ ಮಗ್ಗಿಯಲ್ಲಿ ಅದು ಸೊನ್ನೆ,
ಕಾಗುಣಿತದಲ್ಲೂ ಸೊನ್ನೆ,
ಒಂದು ಮೂಗಿನಿಂದ ಹೊರಡುತ್ತದೆ,
ಇನ್ನೊಂದು ಹೊರಡುವುದೇ ಇಲ್ಲ.

ತಿದ್ದಿದಳು. ಮತ್ತೆ ಕೆಂಪು. ಈ ಸಲ ಬೇರೆ ಮಾತು:
ಆಕಾರ ಸರಿಯಿದೆ, ಆದರೆ ಇದೇ ಗುರುತು
ಪಕ್ಕದ ಕಡತದಲ್ಲೂ ಇದೆ.

ಮಾದೇವು ಮಗಳು ತಲೆ ತಗ್ಗಿಸಿದಳು.
ನಂದನ್ನೇ ಬರಕೊಂಡವಳೆ ಸಾರ್, ನೋಡಿ ನೋಡಿ.
ಯಾವ ಆಫೀಸಿನೋರು ಕೊಡ್ತಾರೆ ಇಂಥ ನಂಬರ?

ಯಾರೂ ಕೊಡುವುದಿಲ್ಲ.
ರಿಜಿಸ್ಟರಿಲ್ಲ, ಮೊಹರಿಲ್ಲ, ಸಾಹೇಬರ ರುಜುವಿಲ್ಲ.
ಯಂತ್ರ ಕಣ್ಣುಮುಚ್ಚಿ ಎಸೆದ ಕವಡೆ.
ಬಯಲು ಎಷ್ಟು ದೊಡ್ಡದೆಂದರೆ
ಎರಡು ಕವಡೆ ಒಂದೇ ಕಡೆ ಬೀಳಲಾರವು
ಅನ್ನುವ ಒಂದು ಧೈರ್ಯ, ಅಷ್ಟೆ.
ನಕಲು ಮಾಡುವ ಕೈ ಒಂದೇ ಆ ಧೈರ್ಯಕ್ಕೆ ಸುಳ್ಳು.

ಹೇಳುತ್ತ ಹೇಳುತ್ತ ನಿಂತೆ.
ಈ ನೌಕರಿಗೆ ಮುಂಚೆ ಮೂರು ಹಂಗಾಮು
ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ಚೀಟಿ ನೋಡುವವನು ನಾನು.
ಹೆಸರು ಓದುತ್ತಿರಲಿಲ್ಲ. ಅಂಕಿ ಆರಿವೆಯೇ,
ಮೊಹರು ಮೂಲೆಯಲ್ಲಿದೆಯೇ, ಗಾಡಿ ಬಿಡು.
ಒಂದು ಇರುಳು ಎರಡು ಗಾಡಿ, ಒಂದೇ ಸಂಖ್ಯೆ.
ಇಬ್ಬರೂ ಒಂದೇ ಊರು, ಇಬ್ಬರೂ ಚಿಕ್ಕಬೋರ.
ಆ ಚಿಕ್ಕಬೋರ ಅಂದ: ನಂದೇ ಮೊದಲು.
ಈ ಚಿಕ್ಕಬೋರ ಏನೂ ಅನ್ನಲಿಲ್ಲ,
ಎತ್ತಿನ ಕೊರಳು ತುರಿಸುತ್ತ ನಿಂತ.

ಸುಳ್ಳನನ್ನು ಹುಡುಕಿ ಬೆಳಗಾಯಿತು. ಸುಳ್ಳ ಸಿಗಲಿಲ್ಲ.
ಗುಮಾಸ್ತರು ಕಾರ್ಬನ್ನು ಎತ್ತುವುದ ಮರೆತು
ಮುಂದಿನ ಖಾಲಿ ಚೀಟಿಯ ಮೇಲೂ
ಅದೇ ಆರು ಅಂಕಿ ಇಳಿಸಿದ್ದರು.
ಎರಡೂ ಚೀಟಿ ನಿಜ. ಅದಕ್ಕೇ ಎರಡೂ ನಿಂತವು.
ಅಷ್ಟರಲ್ಲಿ ಕಬ್ಬು ಇರುಳೆಲ್ಲ ಗಾಳಿಗೆ ಒಣಗಿ
ಒಂದಿಷ್ಟು ತೂಕ ಬಿಟ್ಟಿತ್ತು.
ಆ ತೂಕವನ್ನು ಯಾವ ಸಾಲಿಗೆ ಬರೆಯಬೇಕೋ
ನನಗೆ ಇವತ್ತಿಗೂ ಗೊತ್ತಿಲ್ಲ.

ಹೊಸ ಗುರುತು ಎಸೆಸಿಕೊಂಡಳು ಮರಿಗೌಡರ ಮಗಳು.
ಗುಂಡಿ ಒತ್ತಿ ಕಾದಳು. ಪರದೆ ಸುಮ್ಮನಿತ್ತು.
ಏನೂ ಹೇಳ್ತಿಲ್ವಲ್ಲ ಸಾರ್?
ಸರಿಯಿದ್ದರೆ ಅದು ಮಾತಾಡುವುದಿಲ್ಲ, ಅಂದೆ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಇನ್ನೊಬ್ಬ ಸಿಂಚನಾ:
ಆ ಸುಮ್ಮನಿದ್ದ ಚಿಕ್ಕಬೋರನಿಗೆ
ದುಡ್ಡು ಎಷ್ಟು ಕಮ್ಮಿ ಬಂತು ಸಾರ್?